ಒಂದು ಹುಣಸೆ ಬೀಜಕ್ಕೆ ಹತ್ತು ಸಾವಿರ ಕಾಯಿ

ಪತ್ರಿಕೆಯ ಕೆಲಸಕ್ಕೆ ಸೇರುವ ಮುಂಚೆ ಒಂದು ವರ್ಷ ನಾನು ತುರುವೇಕೆರೆ ತಾಲ್ಲೂಕಿನ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದೆ. ಎಪ್ಪತ್ತರ ದಶಕದ ಕೊನೆಯ ಮಾತು. ಅಲ್ಲಿದ್ದ ಕಾಯಂ ಮೇಷ್ಟ್ರು ತರಬೇತಿಗೆ ಹೋಗಿದ್ದರು, ಅವರು ಬರುವವರೆಗೆ ನಾನು. ಆ ವರ್ಷದ ಹೆಚ್ಚಿನದೆಲ್ಲ ಮರೆತುಹೋಗಿದೆ. ಒಂದು ವಾರ ಮಾತ್ರ, ಒಂದು ಸೋಮವಾರದಿಂದ ಮುಂದಿನ ಸೋಮವಾರದವರೆಗೆ, ಹಾಗೇ ಉಳಿದಿದೆ. ಕಂಡದ್ದನ್ನು ಬರೆದಿಡುವ ಅಭ್ಯಾಸ ನನಗೆ ಆಗಲೇ ಇತ್ತು. ಆ ನೋಟುಪುಸ್ತಕ ಈಗಲೂ ಇದೆ. ಇಲ್ಲಿ ಕೊಡುವ ಅಂಕಿಗಳು ಅದರಿಂದ ತೆಗೆದವು.

ಎಂಟನೇ ತರಗತಿಯಲ್ಲಿ ಇಪ್ಪತ್ತೆಂಟು ಮಕ್ಕಳಿದ್ದರು. ಆ ಸೋಮವಾರ ಘಾತಾಂಕದ ಪಾಠ ಶುರು ಮಾಡಿದೆ. ಎಷ್ಟು ಹತ್ತುಗಳನ್ನು ಒಂದಕ್ಕೊಂದು ಗುಣಿಸಿದ್ದೇವೆ ಎಂದು ಹೇಳುವ ಚಿಕ್ಕ ಅಂಕಿಯನ್ನು ಹತ್ತರ ಬಲಭುಜದ ಮೇಲೆ ಬರೆಯುತ್ತೇವೆ, ಅದೇ ಘಾತಾಂಕ ಎಂದೆ. ಮೇಲೆ ಎರಡಿದ್ದರೆ ನೂರು, ಮೂರಿದ್ದರೆ ಸಾವಿರ. ಮಕ್ಕಳು ಹೂಂ ಹೂಂ ಎಂದರು. ಊರಿಗೆ ಹೊಂದುವ ಉದಾಹರಣೆ ಕೊಡೋಣ ಎನ್ನಿಸಿತು. ಕಿಟಕಿಯಾಚೆ ಎತ್ತ ನೋಡಿದರೂ ತೆಂಗಿನ ತೋಟ.

"ಹತ್ತರ ಮೇಲೆ ಎರಡು. ಅಷ್ಟು ಕಾಯಿ ಅಂದರೆ ಎಷ್ಟು ಕಾಯಿ?"

"ನೂರೊಂದು ಸಾ!" ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು.

ತಪ್ಪು ಕೇಳಿಸಿಕೊಂಡರೇನೋ ಎಂದುಕೊಂಡು ಹತ್ತರ ಮೇಲೆ ಮೂರು ಬರೆದು ಕೇಳಿದೆ.

"ಸಾವಿರದ ಹತ್ತು ಸಾ!"

ಹೊಸ ಮೇಷ್ಟ್ರನ್ನು ಆಟ ಆಡಿಸುತ್ತಿದ್ದಾರೆ ಎಂದು ನನಗೆ ಸಿಟ್ಟು ಬಂತು. ಬೆತ್ತ ಹುಡುಕಿದ್ದೂ ನೆನಪಿದೆ. ಅಷ್ಟರಲ್ಲಿ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. ತೆಳ್ಳಗಿನ ಹುಡುಗಿ, ಸಾಮಾನ್ಯವಾಗಿ ಮಾತಾಡದವಳು.

"ಕಾಯಿ ಅಂತ ನೀವೇ ಅಂದ್ರಲ್ಲ ಸಾ. ಸುಮ್ನೆ ನೂರಾದ್ರೆ ನೂರೇ. ಕಾಯಿ ಆದ್ರೆ ಗುರುತಿನ ಕಾಯಿ ಸೇರಿ ನೂರೊಂದು."

"ಯಾವ ಗುರುತಿನ ಕಾಯಿ?"

ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: "ಸಾ, ಅವಳ ತಾತನೇ ಸಾ ಸುತ್ತ ಏಳೂರ ಕಾಯಿ ಎಣಿಸೋದು. ಅವಳನ್ನ ಕೇಳ್ಬೇಡಿ, ತಾತನ್ನ ಕೇಳಿ!" ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ, ನಾನೂ ನಗಲಿಲ್ಲ. ಬೆತ್ತ ಕೆಳಗಿಟ್ಟೆ.

ಬುಧವಾರ ಶಾಲೆ ಬಿಟ್ಟ ಮೇಲೆ ಆ ಹುಡುಗಿಯೊಂದಿಗೆ ಒಂದು ಮನೆಯ ಅಂಗಳಕ್ಕೆ ಹೋದೆ. ನಮ್ಮ ಕಡೆ ಬಲಿತ ಕಾಯಿಯನ್ನು ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿ, ನೀರೆಲ್ಲ ಇಂಗಿ ಒಳಗಿನ ತಿರುಳು ಉಂಡೆಯಾಗಿ ಕಳಚಿಕೊಳ್ಳುವವರೆಗೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಆ ದಿನ ಹೊಸ ಕಾಯಿ ಅಟ್ಟಕ್ಕೆ ಏರಬೇಕಿತ್ತು. ಸಿಪ್ಪೆ ಸುಲಿದು ಜುಟ್ಟು ಬಿಟ್ಟ ಕಾಯಿ ಅಂಗಳದಲ್ಲಿ ಎದೆಮಟ್ಟ ರಾಶಿ ಬಿದ್ದಿತ್ತು. ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಹುಡುಗಿಯ ತಾತ ಕೂತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಹಣೆಯಲ್ಲಿ ವಿಭೂತಿ, ಬರಿ ಮೈ.

ಅವರು ಒಂದೊಂದು ಕೈಗೆ ಎರಡೆರಡು ಕಾಯಿಯ ಜುಟ್ಟು ಹಿಡಿದು, ನಾಲ್ಕು ಕಾಯಿಗಳನ್ನು ಒಟ್ಟಿಗೆ ಬಲಗಡೆಗೆ ಎಸೆಯುತ್ತಿದ್ದರು. ಮೊದಲ ಎಸೆತಕ್ಕೆ "ಒಂದು" ಅನ್ನುವುದಿಲ್ಲ, "ಲಾಭ" ಅನ್ನುತ್ತಾರೆ. ಆಮೇಲೆ ಎರಡು, ಮೂರು. ಇಪ್ಪತ್ತೈದು ಎಂದಾಗ ನೂರು ಕಾಯಿ ಆದಂತೆ. ಆಗ ರಾಶಿಯಿಂದ ಇನ್ನೊಂದೇ ಕಾಯಿ ತೆಗೆದು ಎಡ ಮೊಣಕಾಲಿನ ಪಕ್ಕ ಸಾಲಾಗಿ ಇಡುತ್ತಾರೆ. ಅದು ಗುರುತಿನ ಕಾಯಿ. ನೂರು ಆಯಿತು ಎನ್ನುವುದಕ್ಕೆ ಸಾಕ್ಷಿ. ಅದು ಎಣಿಕೆಗೆ ಸೇರುವುದಿಲ್ಲ. ಕೊನೆಗೆ ರಾಶಿಯ ಜೊತೆಗೇ ಹೋಗುತ್ತದೆ. ಮಕ್ಕಳ ನೂರೊಂದು ನನಗೆ ಅಲ್ಲಿ ಅರ್ಥವಾಯಿತು.

ಅರ್ಧ ಗಂಟೆ ನೋಡಿದೆ. ಅವರು ಒಮ್ಮೆಯೂ ಕಾಯಿಯ ಕಡೆ ನೋಡಲಿಲ್ಲ. ಮುಖ ಎದುರಿನ ಗೋಡೆಯ ಕಡೆ ಇತ್ತು. ಬಲಗಣ್ಣು ಪೂರ್ತಿ ಬೆಳ್ಳಗೆ. ಎಷ್ಟೋ ವರ್ಷದ ಹಿಂದೆ ಮಟ್ಟೆಯ ಸಿಬಿರು ಹೊಕ್ಕು ಹೋದದ್ದು. ಎಡಗಣ್ಣಿಗೆ ಪೊರೆ ಬಂದಿತ್ತು. ಸ್ವಲ್ಪ ಹೊತ್ತಿಗೆ ಕೈ ನಿಲ್ಲಿಸಿ, ಮೊಣಕಾಲಿನ ಪಕ್ಕದ ಗುರುತಿನ ಕಾಯಿಗಳನ್ನು ಬೆರಳಿನಿಂದ ಸವರಿ ನೋಡಿ, "ಮೂವತ್ತೆಂಟು. ಇವತ್ತಿಗೆ ಸಾಕು ಕಣ್ರಪ್ಪ, ಮಿಕ್ಕಿದ್ದು ಬೇರೆ ಯಾರ್ನಾದ್ರೂ ಕರೀರಿ" ಎಂದು ಎದ್ದುಬಿಟ್ಟರು.

"ಕಣ್ಣು ಕಾಣದೇ ಹೇಗೆ ಎಣಿಸ್ತೀರಿ ಯಜಮಾನ್ರೇ?" ಎಂದು ಕೇಳಿದೆ.

"ಎಣಿಸಾಕೆ ಕಣ್ಯಾಕೆ ಮೇಷ್ಟ್ರೇ? ಕೈ ಐತೆ. ಕಣ್ಣು ಬೇಕಾಗಿರಾದು ಅಟ್ಟದ ಏಣಿಗೆ. ಹೋದ ತಿಂಗ್ಳು ಎಲ್ಡು ಕಿತ ಜಾರ್ದೆ."

ತಾತ, ಮೊಮ್ಮಗಳ ಜೊತೆ ಅವರ ಮನೆಗೆ ಬರುವ ದಾರಿಯಲ್ಲಿ ಉಳಿದದ್ದು ತಿಳಿಯಿತು. ತಿಪಟೂರಿನಲ್ಲಿ ಕಣ್ಣಿನ ಶಿಬಿರ ನಡೆಯುತ್ತಿತ್ತು. ಡಾಕ್ಟರು ಎಡಗಣ್ಣಿನ ಪೊರೆ ತೆಗೆಯಲು ಮುಂದಿನ ಸೋಮವಾರ ಬರಹೇಳಿದ್ದರು. ಇದ್ದದ್ದು ಅದೊಂದೇ ಕಣ್ಣು.

ಜಗಲಿಯ ಮೇಲೆ ಕೂರಿಸಿ ಅವರು ಒಳಗಿನಿಂದ ಒಂದು ಗಡಿಗೆ ತರಿಸಿದರು. ಸೊಂಟದ ಮೇಲೆ ಇಟ್ಟುಕೊಂಡು ಹೋಗಬಹುದಾದಷ್ಟು ದೊಡ್ಡದು. ಬಾಯಿಗೆ ಒಣಗಿದ ಬೇವಿನ ಸೊಪ್ಪು ತುರುಕಿತ್ತು. ಸೊಪ್ಪು ತೆಗೆದರೆ ಒಳಗೆ ತುಂಬಾ ಹುಣಸೆ ಬೀಜ.

"ನೂರು ಕಾಯಿಗೆ ಒಂದು ಗುರುತಿನ ಕಾಯಿ. ಗುರುತಿನ ಕಾಯಿ ನೂರಾದ್ರೆ ಇದ್ರಾಗೆ ಒಂದು ಬೀಜ. ಎಣಿಸಾಕೆ ಶುರು ಮಾಡಿದ್ ದಿನದಿಂದ ಹಾಕ್ತಾ ಬಂದಿವ್ನಿ. ನಲವತ್ತು ವರ್ಸ ಆಯ್ತೇನೋ."

"ಒಟ್ಟು ಎಷ್ಟಾಯ್ತು?"

"ಅದ್ನೇ ನಾನು ಕೇಳ್ತಿರಾದು! ಕಂಡೋರ್ ಕಾಯಿ ಎಣಿಸಿ ಎಣಿಸಿ ನಂದು ಎಣಿಸಾಕೆ ಹೊತ್ತೇ ಆಗ್ಲಿಲ್ಲ. ಈಗ ಬೀಜ ಸುರುದ್ರೆ ನೆಲ ಯಾವ್ದೋ ಬೀಜ ಯಾವ್ದೋ." ಒಂದು ಬೀಜವನ್ನು ಬೆರಳಲ್ಲಿ ಹೊರಳಿಸುತ್ತಾ ಮತ್ತೆ ಹೇಳಿದರು: "ಸೋಮಾರ ಈ ಕಣ್ಣು ಬಂದ್ರೂ ಬಂತು, ಹೋದ್ರೂ ಹೋಯ್ತು. ಅಷ್ಟ್ರೊಳ್ಗೆ ನಾನು ಎಣಿಸಿದ್ದು ಎಷ್ಟು ಅಂತ ಇದೇ ಕಣ್ಣಲ್ಲಿ ನೋಡ್ಬೇಕು. ಅಷ್ಟೇಯ."

"ನಾವು ಎಣಿಸಿ ಹೇಳ್ತೀವಿ ಬಿಡಿ."

"ಹೇಳಾದು ಬ್ಯಾಡ ಮೇಷ್ಟ್ರೇ. ಬಾಯಲ್ಲಿ ಯಾರ್ ಬೇಕಾದ್ರೂ ಲಕ್ಸ ಅಂತಾರೆ, ಕೋಟಿ ಅಂತಾರೆ. ನೋಡ್ಬೇಕು."

ಆಮೇಲೆ ಎಷ್ಟೋ ವರ್ಷ ಸುದ್ದಿಮನೆಯಲ್ಲಿ ಕೇಳಿದ್ದನ್ನೂ ಕಂಡದ್ದನ್ನೂ ಬೇರೆ ಬೇರೆ ಇಡಲು ಕಲಿತವನು ನಾನು. ಆ ಭೇದವನ್ನು ಅಷ್ಟು ನೇರವಾಗಿ ಹೇಳಿದವರನ್ನು ಅಲ್ಲಿ ನೋಡಿದ್ದು ಕಡಿಮೆ.

ಗುರುವಾರದ ತರಗತಿಗೆ ನನ್ನ ಪಾಠದ ಟಿಪ್ಪಣಿ ಬೇಕಾಗಲಿಲ್ಲ. ಬೋರ್ಡಿನ ಮೇಲೆ ಒಂದು ಕಾಯಿ, ಒಂದು ಗುರುತಿನ ಕಾಯಿ, ಒಂದು ಹುಣಸೆ ಬೀಜದ ಚಿತ್ರ ಬರೆದೆ. ಗುರುತಿನ ಕಾಯಿ ನೂರಕ್ಕೆ ನಿಂತಿದೆ, ಅಂದರೆ ಹತ್ತರ ಮೇಲೆ ಎರಡು. ಅಂಥವು ನೂರು ಸೇರಿದರೆ ಬೀಜ.

"ಹಾಗಾದರೆ ಬೀಜಕ್ಕೆ ಹತ್ತರ ಮೇಲೆ ಎಷ್ಟು?"

ಹಿಂದಿನ ಬೆಂಚಿನ ಅದೇ ಹುಡುಗ ಎದ್ದ. "ನೂರಕ್ಕೆ ಎಲ್ಡು ಸಾ, ಮತ್ತೆ ನೂರಕ್ಕೆ ಎಲ್ಡು. ಎಲ್ಡೂ ಎಲ್ಡೂ ನಾಕು!" ಎಂದವನು ತಾನೇ ಬೆರಗಾಗಿ ನಿಂತ. "ಗುಣಿಸ್ಬೇಕಿತ್ತಲ್ವಾ ಸಾ? ಕೂಡ್ಬುಟ್ಟೆ. ಆದ್ರೂ ಸರಿಯಾಯ್ತು?"

ಗುಣಾಕಾರ ಮೇಲಿನ ಚಿಕ್ಕ ಅಂಕಿಗೆ ಹೋದ ಕೂಡಲೇ ಬರೀ ಕೂಡುವ ಲೆಕ್ಕವಾಗುತ್ತದೆ ಎಂಬುದನ್ನು ನಾನು ಪುಸ್ತಕದಿಂದ ಕಲಿತಿದ್ದೆ. ಕಲಿತಾಗ ಏನೂ ಅನ್ನಿಸಿರಲಿಲ್ಲ. ಆ ಹುಡುಗನ ಮುಖ ನೋಡಿದಾಗ ಮೊದಲ ಸಲ ಅದು ಎಂಥ ಸೋಜಿಗ ಎಂದು ಹೊಳೆಯಿತು.

ಸೊನ್ನೆಯ ವಿಷಯಕ್ಕೆ ಜಗಳವೇ ಆಯಿತು. ಹತ್ತರ ಮೇಲೆ ಸೊನ್ನೆ ಇದ್ದರೆ ಬೆಲೆ ಒಂದು ಎಂದು ಹಿಂದಿನ ದಿನ ಹೇಳಿದ್ದೆ. ಅದು ನಿಯಮ, ಬಾಯಿಪಾಠ ಮಾಡಿ ಎಂದಿದ್ದೆ. ತರಗತಿ ಒಪ್ಪಿರಲಿಲ್ಲ.

"ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ತಾನೇ ಸಾ? ಏನೂ ಇಲ್ದಿದ್ರೆ ಒಂದು ಎಲ್ಲಿಂದ ಬಂತು?" ಅದೇ ಹಿಂದಿನ ಬೆಂಚು.

ನಾನು ಉತ್ತರ ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಹುಡುಗಿ ಹಿಂದಕ್ಕೆ ತಿರುಗಿದಳು.

"ಬೀಜ ಆಗಾಕೆ ಹತ್ತು ಹತ್ತು ಅಂತ ನಾಕು ಕಿತ ಗುಂಪು ಮಾಡ್ಬೇಕು. ಗುರುತಿನ ಕಾಯಿಗೆ ಎಲ್ಡು ಕಿತ. ಬರೀ ಕಾಯಿಗೆ? ಒಂದು ಕಿತಾನೂ ಗುಂಪು ಮಾಡಿಲ್ಲ ಕಣ್ಲಾ. ಗುಂಪು ಸೊನ್ನೆ. ಕಾಯಿ ಕೈಯಾಗೇ ಐತಲ್ಲ, ಅದು ಒಂದು ಅಲ್ವಾ?"

"ಓ ಹೋ, ಕಾಯಿ ಎಣಿಸೋರ ಮೊಮ್ಮಗಳು" ಎಂದ ಅವನು. ಆದರೆ ಕೂತುಕೊಂಡ. ಬೋರ್ಡಿನ ಮೇಲಿನ ಕಾಯಿಯ ಪಕ್ಕ ನಾನು ಹತ್ತು ಬರೆದು ಮೇಲೆ ಸೊನ್ನೆ ಇಟ್ಟೆ. ಇಪ್ಪತ್ತೆಂಟು ಮಕ್ಕಳು ಅದನ್ನು ನಕಲು ಮಾಡಿಕೊಂಡರು.

ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನ ಇಡೀ ತರಗತಿ ಬೀಜ ಎಣಿಸಲು ತಾತನ ಮನೆಗೆ ಬಂತು. ಜಗಲಿಯ ಮೇಲೆ ಎರಡು ಗೋಣಿಚೀಲ ಹಾಸಿ ಗಡಿಗೆ ಬಗ್ಗಿಸಿದೆವು. ಹಳೆಯ ಬೀಜಗಳು ಕಪ್ಪಾಗಿ ಮಿರುಗುತ್ತಿದ್ದವು, ಮೇಲಿನ ಹೊಸವು ಇನ್ನೂ ಕಂದು. ಮಕ್ಕಳು ನಾಲ್ಕು ಗುಂಪಾಗಿ ಕೂತರು. ಎಣಿಸುವ ರೀತಿ ಯಾರೂ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಲಾಭ, ಎರಡು, ಮೂರು. ನೂರಾದ ಕೂಡಲೇ ಒಂದು ಬೀಜ ತೆಗೆದು ಪಕ್ಕದ ತಟ್ಟೆಗೆ. ತಾತ ಕಂಬಕ್ಕೆ ಒರಗಿ ಕೇಳುತ್ತಿದ್ದರು. ಒಂದು ಗುಂಪು ಅರವತ್ತೊಂದರಿಂದ ಅರವತ್ಮೂರಕ್ಕೆ ಹಾರಿತು.

"ಅರವತ್ತೆಲ್ಡು ಎಲ್ಲೋಯ್ತಲಾ, ನುಂಗ್ಬುಟ್ಟಾ?" ಎಂದರು ತಾತ. ಆ ಗುಂಪು ಮೊದಲಿಂದ ಶುರು ಮಾಡಬೇಕಾಯಿತು.

ಸಂಜೆ ನಾಲ್ಕರ ಹೊತ್ತಿಗೆ ಮುಗಿಯಿತು. ನಾಲ್ಕೂ ಗುಂಪಿನ ಉಳಿಕೆ ಬೀಜಗಳನ್ನೂ ಒಟ್ಟು ಹಾಕಿ ಎಣಿಸಿದ ಮೇಲೆ ತಟ್ಟೆಯಲ್ಲಿ ನಲವತ್ತು ಬೀಜ ಆದವು, ಕೊನೆಗೆ ನೂರಾಗದೆ ಉಳಿದವು ಎಂಬತ್ತೇಳು. ನಾನು ನೋಟುಪುಸ್ತಕದಲ್ಲಿ ೪೦೮೭ ಎಂದು ಬರೆದು ಕೆಳಗೆ ಗೆರೆ ಎಳೆದೆ. ಮಕ್ಕಳು ಬೀಜ ಮತ್ತೆ ಗಡಿಗೆಗೆ ತುಂಬತೊಡಗಿದರು. ತಟ್ಟೆ ಹುಡುಗಿಯ ಕೈಯಲ್ಲಿತ್ತು. ಅವಳು ಅದನ್ನು ಬಗ್ಗಿಸಲಿಲ್ಲ.

"ಸಾ, ಇವು?"

"ಗುರುತಿನವು. ಹಾಕಮ್ಮ ಒಳಗೆ."

"ಇವನ್ನ ಎಣಿಸ್ಲಿಲ್ಲ ನಾವು."

"ಗುರುತಿಂದು ಎಣಿಕೆಗಿಲ್ಲ ಕಣೇ" ಎಂದ ಹಿಂದಿನ ಬೆಂಚಿನವನು. "ನಿಮ್ ತಾತನೇ ಅಲ್ವಾ ಹೇಳಿರಾದು?"

"ಗುರುತಿನ ಕಾಯಿ ಎಣಿಕೆಗಿಲ್ಲ. ಆದ್ರೆ ಇವು ಕಾಯಲ್ಲ. ಇದೊಂದೊಂದೂ ಹತ್ ಸಾವ್ರ."

ಕಂಬಕ್ಕೆ ಒರಗಿದ್ದ ತಾತ ನೆಟ್ಟಗೆ ಕೂತರು. ಆ ಊರಿನಲ್ಲಿ ಹುಟ್ಟಿದ ಪ್ರತಿಯೊಬ್ಬನ ಕೈಗೂ ನೂರರ ಮೇಲಿನ ಒಂದನ್ನು ಲೆಕ್ಕದಿಂದ ಬಿಡುವುದು ರೂಢಿಯಾಗಿತ್ತು. ನಾಲ್ಕೇ ದಿನದಲ್ಲಿ ಅದು ನನ್ನ ಕೈಗೂ ಬಂದುಬಿಟ್ಟಿತ್ತು. ನಾನು ಗೆರೆ ಎಳೆದು ಮುಗಿಸಿದ್ದೆನಲ್ಲ.

"ನಲವತ್ತು ಬೀಜ. ಎಷ್ಟು ಕಾಯಿ ಆಯ್ತು ಮಗಾ?" ತಾತ ಕೇಳಿದರು.

ಹುಡುಗಿ ಬೆರಳು ಮಡಿಸಲಿಲ್ಲ. "ನಲವತ್ತು ಅಂದ್ರೆ ನಾಕು ಹತ್ತು. ಬೀಜದ ಮೇಲೆ ನಾಕೈತೆ, ಇನ್ನೊಂದು ಹತ್ತು ಸೇರಿದ್ರೆ ಮೇಲೆ ಐದು. ಹತ್ತರ ಮೇಲೆ ಐದು ಅಂದ್ರೆ ಲಕ್ಷ. ನಾಕು ಲಕ್ಷ ತಾತ."

"ನಾಕು ಲಕ್ಸ ಕಾಯಿನ ತಟ್ಟೇಲಿ ಮರ್ತಿದ್ರಾ?" ಎಂದರು ತಾತ. ಬೈದಂತೆ ಕೇಳಿಸಲಿಲ್ಲ. ಒಂದು ಅಟ್ಟಕ್ಕೆ ಇಪ್ಪತ್ತು ಸಾವಿರ ಹಿಡಿಯುತ್ತದೆ ಎಂದು ಅವರೇ ಹೇಳಿದ್ದರು. ಅಂದರೆ ಊಟದ ತಟ್ಟೆಯೊಂದರಲ್ಲಿ ಇಪ್ಪತ್ತು ಅಟ್ಟ.

ಹಳೆಯ ಅಂಕಿ ಹೊಡೆದು ೪೧೨೭ ಎಂದು ಬರೆದೆ. ಒಂದೊಂದು ಬೀಜಕ್ಕೆ ಹತ್ತು ಸಾವಿರ. ಹುಡುಗಿ ಸ್ಲೇಟು ತಂದು ಗುಣಿಸಿ ಉತ್ತರ ಬರೆದಳು: ೪೧೨೭೦೦೦೦. ನಾಲ್ಕು ಕೋಟಿ ಹನ್ನೆರಡು ಲಕ್ಷ ಎಪ್ಪತ್ತು ಸಾವಿರ. ಓದಿ ಹೇಳಿದಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೋಟಿ ಅನ್ನುವುದು ಅವರಿಗೆ ಸರ್ಕಾರದ ಮಾತಿನಲ್ಲಿ, ದೇವರ ಹಾಡಿನಲ್ಲಿ ಬರುವ ಸಂಗತಿ. ಅದನ್ನು ಒಬ್ಬ ಮನುಷ್ಯ ಕೈಯಲ್ಲಿ ಎತ್ತಿ ಎತ್ತಿ ಹಾಕಿದ್ದ. ಆ ಮನುಷ್ಯ ಕಂಬದ ಪಕ್ಕ ಕೂತಿದ್ದ.

ತಾತ ಸ್ಲೇಟನ್ನು ಎಡಗಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದರು, ಓರೆ ಮಾಡಿದರು, ಬಿಸಿಲಿಗೆ ಹಿಡಿದರು. ಓದು ಬರಹ ಬಾರದಿದ್ದರೂ ಅಂಕಿ ಅವರಿಗೆ ಚೆನ್ನಾಗಿ ಬರುತ್ತಿತ್ತು.

"ನಾಕು ಕಾಣ್ತದೆ. ಒಂದು. ಎಲ್ಡು, ಏಳು. ಆಮೇಲೆ ಏನೋ ಮೋಡ ಕಣವ್ವ. ಸೊನ್ನೆ ಎಲ್ಲ ಒಂದಕ್ಕೊಂದು ಅಂಟ್ಕಂಡವೆ. ಮೂರವೋ, ಐದವೋ?"

"ನಾಕು ತಾತ."

"ನೀನು ಹೇಳ್ತಿದೀಯ. ನಂಗೆ ಕಾಣ್ತಿಲ್ಲ."

ಹುಡುಗಿ ಅಳಿಸಿ ದೊಡ್ಡದಾಗಿ ಬರೆದಳು. ಸ್ಲೇಟು ಸಾಲಲಿಲ್ಲ. ನಾನು ಮಧ್ಯೆ ಬಾಯಿ ಹಾಕಿದೆ: "ಸುಮಾರು ನಾಲ್ಕು ಕೋಟಿ ಅಂತ ಇಟ್ಟುಕೊಳ್ಳೋಣ ಯಜಮಾನ್ರೇ. ನಾಲ್ಕು ಬರೆದು, ಪಕ್ಕದಲ್ಲಿ ಹತ್ತರ ಮೇಲೆ ಏಳು ಬರೆದರೆ ಮುಗೀತು. ಸಣ್ಣದಾಗಿ ಕಾಣುತ್ತೆ."

"ಹನ್ನೆಲ್ಡು ಲಕ್ಸ ಏನಾಯ್ತು?"

"ಅದು ಚಿಲ್ಲರೆ."

ಆ ಮುಖ ನನಗಿನ್ನೂ ಮರೆತಿಲ್ಲ. "ಮೇಷ್ಟ್ರೇ, ಒಂದು ಕಾಯಿ ಹೆಚ್ಚು ಕಮ್ಮಿ ಆದ್ರೆ ಮಾರನೇ ದಿನ ನನ್ನ ಯಾರೂ ಕರೀತಿರ್ಲಿಲ್ಲ. ಹನ್ನೆಲ್ಡು ಲಕ್ಸ ಕಾಯಿಗೆ ಚಿಲ್ರೆ ಅಂತೀರಲ್ಲ? ಬುಡಿ ಅತ್ಲಾಗೆ."

ಕ್ಷಮೆ ಕೇಳಿದೆ. ಅವರು ಸ್ಲೇಟನ್ನು ಮೊಮ್ಮಗಳಿಗೆ ಕೊಟ್ಟು ಒಳಗೆ ಹೋದರು. ಉಳಿದದ್ದು ಭಾನುವಾರ ಒಂದೇ ದಿನ.

ಭಾನುವಾರ ಬೆಳಗ್ಗೆ ಹಿಂದಿನ ಬೆಂಚಿನ ಹುಡುಗ ನನ್ನ ಕೋಣೆಯ ಬಾಗಿಲು ತಟ್ಟಿದ. "ಸಾ, ಬಿರ್ರನೆ ಬರ್ಬೇಕಂತೆ. ಅವಳು ಗೋಡೆ ಮೇಲೆ ಬರೀತಾವಳೆ."

ಹೋಗಿ ನೋಡಿದರೆ ತಾತನ ಮನೆಯ ಅಂಗಳದ ಎದುರಿನ ಮಣ್ಣಿನ ಗೋಡೆಗೆ ಸೆಗಣಿ ಸಾರಿಸಿ ಕಪ್ಪು ಮಾಡಿದ್ದಳು. ಕೈಯಲ್ಲಿ ಸುಣ್ಣದ ಕುಡಿಕೆ, ಜಜ್ಜಿದ ತೆಂಗಿನ ನಾರಿನ ಕುಂಚ. ಒಂದೊಂದು ಅಂಕಿ ಒಂದೂವರೆ ಗೇಣು ಎತ್ತರ. ೪೧೨೭ ಮುಗಿದಿತ್ತು. ಅದರ ಪಕ್ಕ ಗುಣಿಸುವ ಗುರುತು, ಅದರ ಪಕ್ಕ ೧೦. ಆಮೇಲೆ ಕಲ್ಲಿನ ಮೇಲೆ ಹತ್ತಿ ನಿಂತು ಹತ್ತರ ಭುಜದ ಮೇಲೆ ೪ ಬರೆದಳು. ಪುಸ್ತಕದಲ್ಲಿರುವಂತೆ ಚಿಕ್ಕದಾಗಿ ಬರೆಯಲಿಲ್ಲ. ಉಳಿದ ಅಂಕಿಗಳಷ್ಟೇ ದೊಡ್ಡದಾಗಿ, ಎತ್ತರದಲ್ಲಿ ಬರೆದಳು.

"ಚಿಕ್ಕದಾಗಿ ಬರೀಬೇಕು ಅಂತೀರಿ ಸಾ ನೀವು. ಚಿಕ್ಕದಾದ್ರೆ ತಾತಂಗೆ ಕಾಣಲ್ಲ. ಮೇಲಿದ್ರೆ ಸಾಕಲ್ವಾ?"

ಸಾಕು ಎಂದೆ. ನಾಲ್ಕು ಸೊನ್ನೆಯ ಮೋಡ ಹೋಗಿ ಆ ಜಾಗದಲ್ಲಿ ಒಂದು ನಾಲ್ಕು ನಿಂತಿತ್ತು. ಏನನ್ನೂ ಬಿಟ್ಟಿರಲಿಲ್ಲ, ಏನನ್ನೂ ದುಂಡಗೆ ಮಾಡಿರಲಿಲ್ಲ. ನನಗೆ ಗೊತ್ತಿದ್ದ ಪಾಠವೇ. ಅದರಲ್ಲಿ ಇದಿದೆ ಎಂದು ಮಾತ್ರ ಗೊತ್ತಿರಲಿಲ್ಲ.

ತಾತನನ್ನು ಕೈಹಿಡಿದು ಕರೆತಂದಳು. ಅವರು ಗೋಡೆಯಿಂದ ಎರಡು ಮಾರು ದೂರ ನಿಂತು ತಲೆ ಓರೆ ಮಾಡಿದರು. ಆಮೇಲೆ ಒಂದು ಮಾರು. ಬೆಳಗಿನ ಬಿಸಿಲು ನೇರ ಗೋಡೆಗೆ ಬಿದ್ದಿತ್ತು.

"ನಾಕು. ಒಂದು. ಎಲ್ಡು. ಏಳು. ಇದು ನನ್ ಬೀಜ." ಬೆರಳು ಗಾಳಿಯಲ್ಲಿ ಮುಂದೆ ಸರಿಯಿತು. "ಇದು ಹತ್ತು. ಮೇಲೊಂದು ನಾಕು. ಅದೇನು ಮಗಾ, ಅಟ್ಟ ಹತ್ತಿದಂಗೆ?"

"ಹತ್ತು ಹತ್ತು ಅಂತ ನಾಕು ಕಿತ ಗುಂಪು ಮಾಡಿದ್ರೆ ಎಷ್ಟೋ ಅಷ್ಟು. ಹತ್ತು ಸಾವ್ರ."

"ಹತ್ ಸಾವ್ರ ಅಂದ್ರೆ ಒಂದ್ ಬೀಜ." ಅವರು ಹತ್ತಿರ ಹೋಗಿ ಒದ್ದೆ ಸುಣ್ಣ ಮುಟ್ಟದಂತೆ ಬೆರಳನ್ನು ನಾಲ್ಕರ ಕೆಳಗೆ ಹಿಡಿದರು. "ಅಂಗಾದ್ರೆ ಈ ಮೇಲಿನ ನಾಕೇ ನನ್ ಹುಣಸೆ ಬೀಜ."

"ಹೂಂ ತಾತ."

"ಗುರುತಿನ ಕಾಯಿ?"

"ಅದ್ರದ್ದು ಎಲ್ಡು. ಮೇಲಿನ ನಾಕು ಅಳಿಸಿ ಎಲ್ಡು ಬರ್ದ್ರೆ, ನೀನು ಇಟ್ಟಿರೋ ಗುರುತಿನ ಕಾಯಿ ಎಲ್ಲ ಎಷ್ಟು ಅಂತ ಬತ್ತದೆ. ನಾಕು ಲಕ್ಷದ ಹನ್ನೆಲ್ಡು ಸಾವ್ರದ ಏಳ್ನೂರು."

ಎಂದೂ ಎಣಿಕೆಗೆ ಬಾರದ ಕಾಯಿಗಳು ಅವು. ತಾತ ಆ ಸಂಖ್ಯೆಯನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡರು. ಆಮೇಲೆ ಹುಬ್ಬು ಗಂಟಿಕ್ಕಿತು.

"ತಪ್ಪೈತೆ."

ಹುಡುಗಿಯ ಕುಂಚ ಕೈಯಲ್ಲೇ ನಿಂತಿತು.

"ಬುಧವಾರ ಮೂವತ್ತೆಂಟು ಗುರುತಿಗೆ ಎದ್ದೆ. ಅವು ಬೀಜ ಆಗಿಲ್ಲ. ಗಡಿಗೇಲಿ ಇಲ್ಲ, ನನ್ ತಲೇಲವೆ. ಎಲ್ಲಿ ಬರೀತೀಯ?"

ಅವಳು ಒಂದು ಕ್ಷಣ ಯೋಚಿಸಿದಳು. ಕೆಳಗಿನ ಸಾಲಿನಲ್ಲಿ ಕೂಡುವ ಗುರುತು ಹಾಕಿ, ೩೮, ಗುಣಿಸುವ ಗುರುತು, ೧೦, ಮೇಲೆ ೨ ಎಂದು ಬರೆದಳು. ತಾತ ಅದನ್ನೂ ಒಂದೊಂದೇ ಅಂಕಿಯಾಗಿ ಓದಿ ತಲೆಯಾಡಿಸಿದರು. "ಈಗ ಸರಿ" ಎಂದರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಅಂಗಳದಲ್ಲಿ ನಿಂತಿದ್ದರು.

ಇನ್ನು ಒಳಗೆ ಹೋಗುತ್ತಾರೆ ಎಂದು ನಾನು ತಿಳಿದೆ. ಅವರು ಹೋಗಲಿಲ್ಲ.

"ಮೇಲಿನ ನಾಕು ಐದಾದ್ರೆ ಏನಾಯ್ತದೆ?"

"ಹತ್ತರಷ್ಟು ಆಯ್ತದೆ ತಾತ. ನಿನ್ನಂಗೇ ಹತ್ತು ಜನ ನಲವತ್ತು ನಲವತ್ತು ವರ್ಷ ಎಣಿಸ್ಬೇಕು."

"ಆರಾದ್ರೆ?"

"ನೂರು ಜನ."

"ಏಳು?"

"ಸಾವ್ರ ಜನ. ಈ ಊರು, ಸಂಪಿಗೆ, ಅಮ್ಮಸಂದ್ರ, ಎಲ್ಲ ಕಡೆಯಿಂದ ಕರ್ಕಂಡ್ ಬರ್ಬೇಕು."

"ಅಷ್ಟು ಜನದ ಜಲ್ಮಕ್ಕೆ ಬರೀ ನಾಕು ಹೋಗಿ ಏಳಾಯ್ತದೆ. ಜಾಗಾನೂ ಹೆಚ್ಗೆ ಬ್ಯಾಡ." ಅವರ ದನಿ ಇಳಿದಿತ್ತು. "ಎಲ್ಲೀಗಂಟ ಹೋಯ್ತದೆ ಇದು?"

ಹುಡುಗಿ ನನ್ನ ಕಡೆ ನೋಡಿದಳು. ಕೊನೆಯಿಲ್ಲ ಎಂದೆ. ತಾತ ಬಹಳ ಹೊತ್ತು ಆ ಗೋಡೆಯ ಮುಂದೆ ನಿಂತರು. ಒಂದು ಸಲ ಕೈಯೆತ್ತಿ ಎರಡೂ ಅಂಗೈಗಳನ್ನು ಎಡಗಣ್ಣಿನ ಹತ್ತಿರ ತಂದು ನೋಡಿಕೊಂಡರು. ಜುಟ್ಟು ಹಿಡಿದು ಹಿಡಿದು ಬೆರಳ ಸಂದಿನಲ್ಲಿ ಚರ್ಮ ಜಡ್ಡುಗಟ್ಟಿತ್ತು. ನೋಟುಪುಸ್ತಕ ತೆಗೆಯಲು ನಾಚಿಕೆಯಾಯಿತು. ಬರೆದದ್ದು ಕೋಣೆಗೆ ಹೋದ ಮೇಲೆ.

ಸೋಮವಾರ ಬೆಳಗಿನ ಬಸ್ಸಿಗೆ ಮಗ ಮತ್ತು ಮೊಮ್ಮಗಳೊಂದಿಗೆ ಅವರು ತಿಪಟೂರಿಗೆ ಹೋದರು. ಆ ದಿನ ತರಗತಿಯಲ್ಲಿ ಇಪ್ಪತ್ತೇಳು ಮಕ್ಕಳಿದ್ದರು. ಹೇಗಾಯಿತು ಎಂದು ತಿಳಿಯಲು ಆಗ ಊರಿನಲ್ಲಿ ಫೋನು ಇರಲಿಲ್ಲ. ಗುರುವಾರ ಹುಡುಗಿ ಶಾಲೆಗೆ ಬಂದಳು; ಆಪರೇಷನ್ ಆಗಿದೆ, ಪಟ್ಟಿ ಕಟ್ಟಿದ್ದಾರೆ, ಕಾಣುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ ಎಂದಳು. ಅಷ್ಟು ಹೇಳಿ ಕೂತುಕೊಂಡಳು. ಹಿಂದಿನ ಬೆಂಚು ಆ ವಾರ ಅವಳನ್ನು ಒಮ್ಮೆಯೂ ರೇಗಿಸಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಸಂಜೆ ಆ ಅಂಗಳಕ್ಕೆ ಹೋದಾಗ ತಾತ ಕಪ್ಪು ಚೌಕಟ್ಟಿನ ದಪ್ಪ ಕನ್ನಡಕ ಹಾಕಿಕೊಂಡು ಗೋಡೆಗೆ ಎದುರಾಗಿ, ಅಂಗಳದ ಆಚೆ ಕೊನೆಯ ಕಲ್ಲಿನ ಮೇಲೆ ಕೂತಿದ್ದರು. ಅಲ್ಲಿಂದ ಗೋಡೆಗೆ ಹದಿನೈದು ಹೆಜ್ಜೆ, ಆಮೇಲೆ ಅಳೆದೆ.

"ಬನ್ನಿ ಮೇಷ್ಟ್ರೇ. ನೋಡಿ, ನಿಮ್ ಸಿಸ್ಯೆ ಎಷ್ಟು ಸೊಟ್ಟುಗ್ ಬರ್ದವಳೆ! ಏಳು ಅನ್ನಾದು ಕುಡ್ದೋನಂಗೆ ನಿಂತದೆ."

ಹುಡುಗಿ ಒಳಗಿನಿಂದಲೇ ಕೂಗಿದಳು: "ಕಾಣ್ದೇ ಇದ್ದಾಗ ಚೆನ್ನಾಗಿತ್ತು, ಈಗ ಸೊಟ್ಟ ಆಯ್ತಾ?"

"ಈಗ ಕಾಣ್ತದಲ್ಲ, ಸೊನ್ನೆ ಹಾಕಿ ಉದ್ದುಕ್ ಬರಿ. ಒಂದ್ಸಲ ಪೂರ್ತಿ ನೋಡ್ಬುಡ್ತೀನಿ."

ಅವಳು ಗೊಣಗುತ್ತಾ ಕುಡಿಕೆ ತಂದು ಕೆಳಗಿನ ಖಾಲಿ ಜಾಗದಲ್ಲಿ ಎರಡೂ ಸಾಲು ಕೂಡಿಸಿ ಬರೆದಳು. ೪೧೨೭೩೮೦೦. ಗೋಡೆಯ ಈ ಮೂಲೆಯಿಂದ ಆ ಮೂಲೆಯವರೆಗೆ ಹೋಯಿತು. ತಾತ ಕೂತಲ್ಲಿಂದಲೇ ಬೆರಳು ತೋರಿಸಿ ಎಂಟೂ ಅಂಕಿ ಓದಿದರು, ಒಂದೂ ತಪ್ಪಲಿಲ್ಲ. ಕಣ್ಣು ಬಂದಿತ್ತು. ಆಮೇಲೆ ಮೇಲಿನದನ್ನು ನೋಡಿದರು. ಮತ್ತೆ ಕೆಳಗಿನದನ್ನು. ಮತ್ತೆ ಮೇಲಿನದನ್ನು.

"ಎಲ್ಡೂ ಒಂದೇಯಾ?"

"ಒಂದೇ ತಾತ."

"ಒಂದು ಕಾಯೂ ಹೆಚ್ಚು ಕಮ್ಮಿ ಇಲ್ಲ?"

"ಇಲ್ಲ."

ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡು ಮತ್ತೆ ಹಾಕಿಕೊಂಡರು.

"ಅಂಗಾದ್ರೆ ಉದ್ದಂದು ಅಳಿಸ್ಬುಡು. ಸುಮ್ನೆ ಸುಣ್ಣ ದಂಡ."